ಕ್ಯಾಮರಾ ಎಲ್ಲ ಸರಿ, ಕಾರ್ಡ್ ಯಾವುದು ಮಾರಾಯ್ರೆ?

ನಮಸ್ಕಾರ. ಇವತ್ತು ಡ್ಯಾಶ್‌ಕ್ಯಾಮ್ ಬಗ್ಗೆ, ಅಂದ್ರೆ ಕಾರಿನ ಗಾಜಿಗೆ ಅಂಟಿಸಿ ರಸ್ತೆಯನ್ನು ರೆಕಾರ್ಡ್ ಮಾಡೋ ಕ್ಯಾಮರಾದ ಬಗ್ಗೆ ಮಾತಾಡುವ. ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡ್ತೇನೆ, ಉಪದೇಶ ಆಮೇಲೆ.

ದೇವಿಮನೆ ಘಟ್ಟ. ಕುಮಟೆಯಿಂದ ಶಿರಸಿಗೆ ವಾಪಸು ಬರ್ತಾ ಇದ್ದೆ. ಜಿಟಿಜಿಟಿ ಮಳೆ, ಸಂಜೆ ಐದಾಗಿರಬಹುದು. ಒಂದು ತಿರುವಿನಲ್ಲಿ ಮೇಲಿನಿಂದ ಇಳಿದ ಬಸ್ಸು ತನ್ನ ಪಾಲಿನ ರಸ್ತೆ ಸಾಲದು ಅಂತ ನನ್ನ ಪಾಲಿಗೂ ಬಂತು. ಚರಂಡಿ ಅಂಚಿನ ತನಕ ಎಡಕ್ಕೆ ಸರಿದೆ. 'ಟಪ್' ಅಂತ ಒಂದು ಶಬ್ದ. ನೋಡಿದ್ರೆ ಬಲಗಡೆ ಕನ್ನಡಿ ವಯರಿಗೆ ಜೋತುಬಿದ್ದು ಬಾಗಿಲಿಗೆ ಬಡೀತಾ ಇದೆ. ಬಸ್ಸು ನಿಲ್ಲಲಿಲ್ಲ. ನನಗೆ ಸಿಟ್ಟು ಬರೋ ಬದಲು ಒಳಗೊಳಗೇ ಖುಷಿ. ಗಾಜಿನ ಮೇಲೆ ಆರು ಸಾವಿರ ರೂಪಾಯಿಯ ಕ್ಯಾಮರಾ ಕೂತಿದೆಯಲ್ಲ! ಸಿಕ್ಕಿಬಿದ್ದೆ ಮಗನೇ ಅಂದ್ಕೊಂಡೆ.

ಮನೆಗೆ ಬಂದು ಮಾವನವರನ್ನು, ಭಾವನನ್ನು ಜಗಲಿಯಲ್ಲಿ ಕೂರಿಸಿ, ಕ್ಯಾಮರಾದ ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಕೊನೆಯ ವಿಡಿಯೋ ಇಪ್ಪತ್ತೆರಡು ದಿನ ಹಿಂದಿನದು. ಪೇಟೆಗೆ ಹೋಗಿ ತರಕಾರಿ ತಂದದ್ದು. ಅಲ್ಲಿಂದೀಚೆಗೆ ಏನೂ ಇಲ್ಲ, ಕಾರ್ಡ್ ಸತ್ತುಹೋಗಿತ್ತು. ಕ್ಯಾಮರಾ ಪಾಪ ಬೀಪ್ ಬೀಪ್ ಅಂತ ದಿನಾ ಹೇಳ್ತಾನೇ ಇದ್ದಿರಬೇಕು. ಕಿರಿಕಿರಿ ಅಂತ ಆ ಬೀಪನ್ನು ನಾನೇ ಬಂದ್ ಮಾಡಿ ಇಟ್ಟಿದ್ದೆ.

ಮಾವ ಕವಳ ಒಂದು ಬದಿಗೆ ಸರಿಸಿ ಕೇಳಿದ್ರು, "ಎಂತೋ ತಮಾ, ಕ್ಯಾಮರಾದಲ್ಲಿ ಎಂತೂ ಬೈಂದಿಲ್ಯಾ?"

ಅವತ್ತಿಂದ ಯಾರು ನನ್ನ ಹತ್ತಿರ "ಯಾವ ಡ್ಯಾಶ್‌ಕ್ಯಾಮ್ ತಗೊಳ್ಳಲಿ" ಅಂತ ಕೇಳಿದ್ರೂ ನಾನು ತಿರುಗಿ ಕೇಳೋದು ಒಂದೇ: ಕಾರ್ಡ್ ಯಾವುದು ಹಾಕ್ತೀರಿ? ಹೆಚ್ಚಿನವರು ಹೇಳೋದು, "ಹಳೇ ಫೋನಿನದ್ದು ಒಂದು ಇದೆ." ಆಯ್ತು, ಮುಗೀತು.

ಯಾಕೆ ಅಂತ ಹೇಳ್ತೇನೆ. ಡ್ಯಾಶ್‌ಕ್ಯಾಮ್ ಮಾಡೋ ಕೆಲಸ ಅಂದ್ರೆ ಬರೆಯೋದು, ಅಳಿಸೋದು, ಮತ್ತೆ ಬರೆಯೋದು. ಒಂದು ನಿಮಿಷ ಅಥವಾ ಮೂರು ನಿಮಿಷದ ತುಂಡು ತುಂಡು ವಿಡಿಯೋ. ಕಾರ್ಡ್ ತುಂಬಿದ ಕೂಡಲೇ ಅತಿ ಹಳೇ ತುಂಡನ್ನು ಅಳಿಸಿ ಅದೇ ಜಾಗದಲ್ಲಿ ಹೊಸದು. ಮೆಮೊರಿ ಕಾರ್ಡಿನ ಒಳಗಿನ ಕೋಶಗಳಿಗೆ ಇಷ್ಟು ಸಲ ಬರೆಸಿಕೊಳ್ಳಬಹುದು ಅನ್ನೋ ಆಯುಷ್ಯ ಇರ್ತದೆ. ಫೋನಿನಲ್ಲಿ ಫೋಟೋ ಹಾಕಿ ಇಡೋ ಕಾರ್ಡಿಗೆ ಆ ಆಯುಷ್ಯ ಧಾರಾಳ. ಇಲ್ಲಿ ದಿನಾ ಉಜ್ಜಿ ಉಜ್ಜಿ ಸವೆದು ಹೋಗ್ತದೆ, ಸ್ಲೇಟು ಸವೆದ ಹಾಗೆ. ಅದಕ್ಕೇ ಬೇರೆ ಕಾರ್ಡ್ ಬರ್ತದೆ, ಪ್ಯಾಕೆಟ್ ಮೇಲೆ 'ಹೈ ಎಂಡ್ಯೂರೆನ್ಸ್' ಅಂತ ಬರೆದಿರ್ತದೆ, ಎಷ್ಟು ಸಾವಿರ ಗಂಟೆ ರೆಕಾರ್ಡಿಂಗ್ ತಡೀತದೆ ಅಂತ ಕಂಪನಿಯೇ ಹೇಳ್ತದೆ. ಮಾಮೂಲಿ ಕಾರ್ಡಿಗಿಂತ ದುಬಾರಿ. ಕ್ಯಾಮರಾದಲ್ಲಿ ಒಂದು ಸಾವಿರ ಉಳಿಸಿಯಾದ್ರೂ ಇದನ್ನು ತಗೊಳ್ಳಿ.

ಇನ್ನು ಎಷ್ಟು ದೊಡ್ಡದು? ಸಾಧಾರಣ 1080ಪಿ ವಿಡಿಯೋ ಸೆಕೆಂಡಿಗೆ 15 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಏಳು ಜಿಬಿಯ ಹತ್ತಿರ ತಿಂತದೆ. ಅದಕ್ಕಿಂತ ಬಹಳ ಸ್ಪಷ್ಟ ಇರೋ 4ಕೆ ಅಂದ್ರೆ ಸುಮಾರು ಅದರ ಎರಡು ಪಟ್ಟು. ಮುಂದೆ 4ಕೆ, ಹಿಂದೆ 1080ಪಿ ಅಂತ ಜೋಡಿ ಕ್ಯಾಮರಾ ಹಾಕಿ, 64 ಜಿಬಿ ಕಾರ್ಡ್ ತುರುಕಿದ್ರಿ ಅಂದ್ಕೊಳ್ಳಿ. ಮೂರು ಗಂಟೆಗೆ ಕಾರ್ಡ್ ಫುಲ್. ಶಿರಸಿಯಿಂದ ಹೊರಟು, ಕುಮಟೆ, ಅಂಕೋಲೆ ದಾಟಿ, ನಡುವೆ ಒಂದು ಚಾ ಕುಡಿದು ಕಾರವಾರ ಮುಟ್ಟಿದಾಗ, ಶಿರಸಿ ಪೇಟೆಯಲ್ಲಿ ಯಾರೋ ಬಂಪರ್ ತಾಗಿಸಿ ಹೋದ ವಿಡಿಯೋ ಅಳಿಸಿಹೋಗಿರ್ತದೆ. ಜೋರಾಗಿ ಗುದ್ದಿದ್ರೆ ಒಳಗಿನ ಜಿ-ಸೆನ್ಸರ್ ಅಲುಗಾಟ ಹಿಡಿದು ಆ ತುಂಡಿಗೆ ಬೀಗ ಹಾಕ್ತದೆ, ಅದು ನಿಜ. ಆದರೆ ನಮ್ಮ ರಸ್ತೆ ನಿಮಗೆ ಗೊತ್ತಲ್ಲ. ಸೆನ್ಸರನ್ನು 'ಹೈ'ನಲ್ಲಿ ಇಟ್ರೆ ಪ್ರತಿ ಹೊಂಡಕ್ಕೂ ಅಪಘಾತ ಆಯ್ತು ಅಂತ ಬೀಗ ಹಾಕ್ತಾ ಹೋಗ್ತದೆ, ಕಾರ್ಡೆಲ್ಲ ಹೊಂಡದ ವಿಡಿಯೋದಿಂದ ತುಂಬ್ತದೆ. 'ಲೋ'ನಲ್ಲಿ ಇಡಿ. ಕಾರ್ಡ್ 128 ಜಿಬಿಗೆ ಕಡಿಮೆ ಬೇಡ.

ಈಗ ಕ್ಯಾಮರಾಕ್ಕೆ ಬರುವ. ಡಬ್ಬಿ ಮೇಲೆ ಲೆನ್ಸಿನ ನೋಟದ ಅಗಲ 170 ಡಿಗ್ರಿ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ರೆ ಹಿಗ್ಗಬೇಡಿ. ಅಗಲ ಹೆಚ್ಚಾದಷ್ಟೂ ಎದುರಿನದೆಲ್ಲ ಚಿಕ್ಕದಾಗ್ತದೆ. ಒಂದು ಲೆಕ್ಕ ಹೇಳ್ತೇನೆ, ಬೇಜಾರಾದ್ರೂ ಕೇಳಿ. 1080ಪಿ ಅಂದ್ರೆ ಚಿತ್ರದ ಅಗಲದಲ್ಲಿ 1920 ಚುಕ್ಕಿ. ಲೆನ್ಸು 140 ಡಿಗ್ರಿ ಆದ್ರೆ ಡಿಗ್ರಿಗೆ ಸುಮಾರು 14 ಚುಕ್ಕಿ. ಕಾರಿನ ಹೊಸ ನಂಬರ್ ಪ್ಲೇಟು 500 ಮಿಲಿಮೀಟರ್ ಅಗಲ. ಹತ್ತು ಮೀಟರ್ ದೂರದಲ್ಲಿ ಅದಕ್ಕೆ ಸಿಗೋದು 40 ಚುಕ್ಕಿ. ಕಣ್ಣು ಕಿರಿದು ಮಾಡಿ ಓದಬಹುದೋ ಏನೋ. ಸ್ಕೂಟರಿನ ಪ್ಲೇಟು 200 ಮಿಲಿಮೀಟರ್, ಅದಕ್ಕೆ 16 ಚುಕ್ಕಿ. ಒಂದು ಸಾಲಿಗೆ ಐದು ಅಕ್ಷರ. ಅಕ್ಷರಕ್ಕೆ ಮೂರು ಚುಕ್ಕಿ. ಮೂರು ಚುಕ್ಕಿಯಲ್ಲಿ 8 ಯಾವುದು, 3 ಯಾವುದು, ಬ್ರಹ್ಮನಿಗೂ ಗೊತ್ತಾಗೋದಿಲ್ಲ. ಕೆಎ 30 ಕಾರವಾರದ ಗಾಡಿಯೋ, ಕೆಎ 31 ನಮ್ಮ ಶಿರಸಿಯದ್ದೇ ಗಾಡಿಯೋ ಅನ್ನೋದೂ ಹೇಳೋಕಾಗೋದಿಲ್ಲ.

ಹಾಗಾಗಿ ನನ್ನ ಮಾತು: 1080ಪಿ ಬಿಡಿ, ಅದಕ್ಕಿಂತ ಹೆಚ್ಚು ಚುಕ್ಕಿ ಇರೋ 1440ಪಿ ತಗೊಳ್ಳಿ, ಲೆನ್ಸು 140 ಡಿಗ್ರಿಯ ಆಸುಪಾಸು ಇರಲಿ. 4ಕೆ ಕೈಗೆಟುಕಿದ್ರೆ ಬೇಡ ಅನ್ನೋದಿಲ್ಲ, ಆದರೆ ಹೆಚ್ಚಿನ ದುಡ್ಡು ಹಗಲಿಗೆ ಮಾತ್ರ ದುಡೀತದೆ.

ರಾತ್ರಿ ಕಥೆಯೇ ಬೇರೆ. ಕತ್ತಲಲ್ಲಿ ಬೆಳಕು ಸಾಲದೆ ಕ್ಯಾಮರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡ್ತದೆ, ಒಂದು ಚಿತ್ರಕ್ಕೆ ಸೆಕೆಂಡಿನ 30ರಲ್ಲಿ ಒಂದು ಪಾಲು ಅಂತಿಟ್ಕೊಳ್ಳಿ. ನೀವು 60ರಲ್ಲಿ, ಎದುರಿನವ 60ರಲ್ಲಿ. ಅಷ್ಟು ಹೊತ್ತಲ್ಲಿ ನಿಮ್ಮಿಬ್ಬರ ನಡುವಿನ ದೂರ ಒಂದು ಮೀಟರಿಗಿಂತ ಜಾಸ್ತಿ ಕಡಿಮೆಯಾಗಿರ್ತದೆ. ನಂಬರು ಕಲಸಿಹೋಗ್ತದೆ. ಅದರ ಮೇಲೆ ಹೆಡ್‌ಲೈಟಿನ ಕಣ್ಣು ಕುಕ್ಕೋ ಬೆಳಕು, ಒದ್ದೆ ಡಾಂಬರು ಬೇರೆ. ಸೋನಿಯ ಸ್ಟಾರ್‌ವಿಸ್ ಸೆನ್ಸರ್ ಇರೋ ಕ್ಯಾಮರಾ ಆದ್ರೆ ರಾತ್ರಿ ಚಿತ್ರ ಚೊಕ್ಕ ಬರ್ತದೆ, ಸ್ಟಾರ್‌ವಿಸ್ 2 ಆದ್ರೆ ಇನ್ನೂ ಒಳ್ಳೇದು. ಆದ್ರೂ ಎದುರಿನಿಂದ ಹಾರಿಹೋದ ಗಾಡಿಯ ನಂಬರು ಸಿಗ್ತದೆ ಅಂತ ನಂಬಿ ಕೂರಬೇಡಿ.

ಅದಕ್ಕೆ ನನ್ನ ಹತ್ತಿರ ಒಂದು ಪುಕ್ಕಟೆ ಉಪಾಯ ಇದೆ. ನಂಬರನ್ನು ಬಾಯಿಬಿಟ್ಟು ಹೇಳೋದು. ಕ್ಯಾಮರಾದ ಮೈಕ್ ಆನ್ ಇದ್ರೆ ಅದು ದಾಖಲಾಗ್ತದೆ. ಕಣ್ಣು ಕಂಡದ್ದನ್ನು ಲೆನ್ಸು ಹಿಡಿಯದೇ ಇರಬಹುದು, ಕಿವಿಗೆ ಅಂಥ ತೊಂದರೆ ಇಲ್ಲ. ಮನೆಮಂದಿ ಮಾತೆಲ್ಲ ರೆಕಾರ್ಡ್ ಆಗ್ತದೆ ಅಂತ ಹಲವರು ಮೈಕ್ ಬಂದ್ ಮಾಡ್ತಾರೆ. ಅದೂ ಸರಿಯೇ. ನನ್ನ ಕಾರ್ಡಿನಲ್ಲಿ ನಾನು ಬಳಸಿದ ಶಬ್ದಗಳನ್ನು ಅಮ್ಮನಿಗೆ ಕೇಳಿಸೋ ಧೈರ್ಯ ನನಗಿಲ್ಲ. ಆದ್ರೂ ಮೈಕ್ ಆನ್ ಇಟ್ಟಿದ್ದೇನೆ.

ಬಿಸಿಲಿನ ವಿಷಯ. ಏಪ್ರಿಲ್ ತಿಂಗಳಲ್ಲಿ ಕಾರವಾರದ ಟ್ಯಾಗೋರ್ ಬೀಚಿನ ಹತ್ತಿರ ಗಾಡಿ ನಿಲ್ಲಿಸಿ, ಊಟ ಮುಗಿಸಿ ವಾಪಸು ಬಂದು ಸ್ಟೇರಿಂಗ್ ಮುಟ್ಟಿ ನೋಡಿದವರಿಗೆ ಹೇಳೋದು ಬೇಡ. ಕ್ಯಾಮರಾ ಇರೋದು ಅದೇ ಗಾಜಿಗೆ ಅಂಟಿಕೊಂಡು. ಅದರೊಳಗೆ ಲಿಥಿಯಂ ಬ್ಯಾಟರಿ ಇದ್ರೆ ಕಾದು ಕಾದು ಉಬ್ಬಿಕೊಳ್ತದೆ. ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರೋದನ್ನೇ ಕೇಳಿ. ಕೆಪಾಸಿಟರ್ ಹಿಡಿದಿಡೋದು ಕೆಲವು ಸೆಕೆಂಡಿನ ಕರೆಂಟು ಮಾತ್ರ, ಇಂಜಿನ್ ಆಫ್ ಆದಾಗ ಕೊನೇ ಫೈಲನ್ನು ಸರಿಯಾಗಿ ಮುಚ್ಚೋಕೆ ಅಷ್ಟು ಸಾಕು. ಅಂಗಡಿಯವ "ಎರಡೂ ಒಂದೇ ಸರ್" ಅಂದ್ರೆ ಬೇರೆ ಅಂಗಡಿಗೆ ಹೋಗಿ. ರಬ್ಬರ್ ಬಟ್ಟಲು ಒತ್ತಿ ಅಂಟಿಸೋ ನಮೂನೆಯದ್ದೂ ಬೇಡ, ನಮ್ಮ ಸೆಕೆಗೆ ಮಧ್ಯಾಹ್ನ ಹೊತ್ತು ಕಳಚಿ ಮಡಿಲಿಗೆ ಬೀಳ್ತದೆ. ಎರಡೂ ಬದಿ ಅಂಟಿನ ಟೇಪಿನದ್ದೇ ಸರಿ.

ಅಂಟಿಸೋ ಜಾಗ ವೈಪರ್ ಒರೆಸೋ ಜಾಗದೊಳಗೇ ಇರಬೇಕು. ಕೇಳೋಕೆ ಸಣ್ಣ ವಿಷಯ. ಹೊಸದರಲ್ಲಿ ನಾನು ಚೆಂದ ಕಾಣಲಿ ಅಂತ ತೀರಾ ಮೇಲೆ, ಮೂಲೆಗೆ ಅಂಟಿಸಿದ್ದೆ. ಜೂನ್ ಬಂತು. ನಾಲ್ಕು ತಿಂಗಳು ನನ್ನ ಕ್ಯಾಮರಾ ನೋಡಿದ್ದು ಬರೀ ನೀರಿನ ಹನಿ. ಹಿಂದಿನ ಕ್ಯಾಮರಾಕ್ಕೂ ಇದೇ ಪಾಡು. ಹಿಂದಿನ ಗಾಜಿಗೆ ವೈಪರ್ ಇರೋ ಗಾಡಿಯಾದ್ರೆ ಹಾಕಿಸಿ, ಇಲ್ಲದಿದ್ರೆ ಮಳೆಗಾಲ ಪೂರ್ತಿ ಮಬ್ಬು. ವಯರನ್ನು ಮುಂದಿನ ಗಾಜಿನ ಪಕ್ಕದ ಕಂಬದ ಒಳಗೆ ಎಳೆಸೋವಾಗ ಏರ್‌ಬ್ಯಾಗಿನ ಮುಂದೆ ಅಡ್ಡ ಬರದ ಹಾಗೆ, ಹಿಂದಿನಿಂದ ಎಳೆಯೋಕೆ ಹೇಳಿ.

ಪಾರ್ಕಿಂಗ್ ಮೋಡ್ ಅಂತ, ಗಾಡಿ ನಿಲ್ಲಿಸಿ ಹೋದ ಮೇಲೂ ಕ್ಯಾಮರಾ ಕಾವಲು ಕಾಯ್ತದೆ ಅಂತ ಒಂದು ಆಸೆ ಹುಟ್ಟಿಸ್ತಾರೆ. ಕುಮಟೆ ಸ್ಟೇಷನ್ನಿನಲ್ಲಿ ಗಾಡಿ ಬಿಟ್ಟು ನಾಲ್ಕು ದಿನ ಮುಂಬೈಗೆ ಹೋಗೋರಿಗೆ ಅದರಿಂದ ಪ್ರಯೋಜನ ಕಡಿಮೆ. ಗಾಡಿಯ ಬ್ಯಾಟರಿ 12 ವೋಲ್ಟಿಗೆ ಇಳೀತಿದ್ದ ಹಾಗೆ ಅದು ತಾನೇ ಬಂದ್ ಆಗ್ತದೆ, ಆಗಬೇಕು ಕೂಡ. ಇಲ್ಲದಿದ್ರೆ ವಾಪಸು ಬಂದಾಗ ತಳ್ಳೋಕೆ ಜನ ಹುಡುಕಬೇಕು. ರಾತ್ರಿ ಗಾಡಿ ಅಂಗಳದಲ್ಲಿ ನಿಲ್ಲೋರಿಗೆ ಬೇಡವೇ ಬೇಡ. ತೆಂಗಿನ ಮರದ ಕೆಳಗೆ ನಿಲ್ಲಿಸೋರು ಬೇಕಾದ್ರೆ ಹಾಕಿಸಿ, ಯಾವ ಕಾಯಿ ಬಿತ್ತು ಅಂತ ನೋಡಬಹುದು.

ಇನ್ನೊಂದು ಮಾತು, ಕಾರವಾರದವರಿಗೆ. ಅರಗಾದ ನೌಕಾನೆಲೆ, ಕೈಗಾ ಸ್ಥಾವರ, ಇಂಥಲ್ಲೆಲ್ಲ ಚಿತ್ರೀಕರಣ ನಿಷೇಧ ಅಂತ ಫಲಕ ಇದೆ. ಕ್ಯಾಮರಾ ತಾನಾಗಿ ಓಡ್ತಿತ್ತು ಅನ್ನೋದು ಗೇಟಿನಲ್ಲಿ ನಡೆಯೋ ಮಾತಲ್ಲ. ಒಳಗೆ ಕೆಲಸಕ್ಕೆ ಹೋಗೋರು ಅಲ್ಲಿಯವರನ್ನು ಕೇಳಿ, ಮೊದಲೇ ವಯರ್ ಕಿತ್ತಿಡಿ. ಆ ಬದಿಯ ವಿಡಿಯೋ ಸ್ಟೇಟಸ್‌ಗೆ ಹಾಕೋ ಚಪಲವೂ ಬೇಡ.

ಸ್ಟೇಟಸ್ ಅಂದ ಕೂಡಲೇ ನೆನಪಾಯ್ತು. ಏನಾದ್ರೂ ಆದ್ರೆ ನಮ್ಮ ಜನ ಮೊದಲು ಮಾಡೋದು ವಾಟ್ಸಾಪ್ ಗುಂಪಿಗೆ ಹಾಕೋದು. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಕುಗ್ಗಿಸ್ತದೆ, ಇದ್ದ ನಂಬರೂ ಹೋಗ್ತದೆ. ಕೇಸು ಕೋರ್ಟಿಗೆ ಹೋಗೋ ಹಾಗಿದ್ರೆ ಕಾರ್ಡನ್ನೇ ತೆಗೆದು ಲಕೋಟೆಯಲ್ಲಿ ಹಾಕಿ ಇಡಿ, ಗಾಡಿಗೆ ಬೇರೆ ಕಾರ್ಡ್ ಹಾಕಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ನಕಲಿನ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯೂ ಬರಬೇಕು. ಫೈಲಿನಲ್ಲಿ ಒಂದು ಚೂರು ಬದಲಾದ್ರೂ ಆ ಸಂಖ್ಯೆ ಬದಲಾಗ್ತದೆ. ಕತ್ತರಿಸಿ, ಹಾಡು ಸೇರಿಸಿ ತಂದ ವಿಡಿಯೋ ಹಿಡಿದು ವಕೀಲರ ಹತ್ತಿರ ಹೋಗಬೇಡಿ. ಮತ್ತೆ ಕ್ಯಾಮರಾದ ತಾರೀಖು, ಗಂಟೆ ಸರಿ ಇದೆಯಾ ಅಂತ ಈಗಲೇ ನೋಡಿ. ಬಹಳ ಜನರ ಕ್ಯಾಮರಾದಲ್ಲಿ ಇನ್ನೂ ಯಾವುದೋ ಕಾಲದ ಜನವರಿ 1 ನಡೀತಾ ಇರ್ತದೆ.

ನಾನು ಕ್ಯಾಮರಾ ತಗೊಂಡದ್ದು ಯಾವಾಗ ಅಂದ್ರೆ 2024ರ ಮಳೆಗಾಲ ಕಳೆದ ಮೇಲೆ. ಜುಲೈ 16ಕ್ಕೆ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಬಂತು, ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಗುಡ್ಡ ಬಂದ್ರೆ ಕ್ಯಾಮರಾ ಏನೂ ಮಾಡೋದಿಲ್ಲ ಅಂತ ನನಗೂ ಗೊತ್ತು. ಆದ್ರೂ ಹೆದರಿಕೆ ಆದಾಗ ಮನುಷ್ಯ ಏನಾದ್ರೂ ಒಂದು ಕೊಂಡ್ಕೊಳ್ತಾನೆ. ಎದುರಿನವನ ತಪ್ಪು ಹಿಡಿಯೋಕೆ ಒಂದು ಸಾಕ್ಷಿ ಬೇಕು ಅಂತಲೂ ಇತ್ತು.

ಸಾಕ್ಷಿ ಸಿಕ್ತು. ಹೊನ್ನಾವರದ ಹತ್ತಿರ ಹೆದ್ದಾರಿಯಲ್ಲಿ ನಾನು ಎಡಕ್ಕೆ ಪೆಟ್ರೋಲ್ ಬಂಕಿಗೆ ತಿರುಗಿಸುವಾಗ ಒಬ್ಬ ಹುಡುಗ ಸ್ಕೂಟರಿನಲ್ಲಿ ಎಡಗಡೆಯಿಂದ ನುಗ್ಗಿ, ಬ್ರೇಕ್ ಹಾಕಿ, ಮಣ್ಣಿಗೆ ಇಳಿದು ಹೇಗೋ ಬಚಾವಾದ. ನಾನು ಗಾಜು ಇಳಿಸಿ ಬಾಯಿಗೆ ಬಂದದ್ದು ಬೈದೆ. ಅವನ ನಂಬರನ್ನು ಮೂರು ಸಲ ಗಟ್ಟಿಯಾಗಿ ಹೇಳಿದೆ. ಪಾಪ, ಏನೂ ಮಾತಾಡದೆ ಹೋದ. ಮನೆಗೆ ಬಂದು ಹಾಕಿ ನೋಡಿದೆ. ಈ ಸಲ ಕಾರ್ಡ್ ಬದುಕಿತ್ತು, ಚಿತ್ರ ಕನ್ನಡಿಯ ಹಾಗೆ. ಬಂಕಿನ ಬೋರ್ಡು ಬಂತು, ಗಾಡಿ ಎಡಕ್ಕೆ ವಾಲಿತು, ಸ್ಕೂಟರಿನ ಕಿರುಚಾಟ, ನನ್ನ ಬೈಗುಳ, ನಂಬರು. ಇನ್ನೊಮ್ಮೆ ಹಾಕಿದೆ. ಏನೋ ಕಡಿಮೆ ಇದೆ ಅನಿಸ್ತು. ವಾಲ್ಯೂಮ್ ಜಾಸ್ತಿ ಮಾಡಿ ಮೂರನೇ ಸಲ ಕೇಳಿದೆ.

ಟಿಕ್ ಟಿಕ್ ಶಬ್ದ ಇಲ್ಲ. ನಾನು ಇಂಡಿಕೇಟರ್ ಹಾಕಿರಲೇ ಇಲ್ಲ.

ತಿಂಗಳಿಗೊಮ್ಮೆ, ಮೊದಲ ಭಾನುವಾರ, ಕಾರ್ಡನ್ನು ಕ್ಯಾಮರಾದಲ್ಲೇ ಫಾರ್ಮ್ಯಾಟ್ ಮಾಡ್ತೇನೆ. ನೀವೂ ಮಾಡಿ, ಕಾರ್ಡ್ ಗಡಿಬಿಡಿ ಮಾಡೋದು ಕಡಿಮೆ ಆಗ್ತದೆ, ಕೈಕೊಟ್ಟಿದ್ರೆ ಅವತ್ತೇ ಗೊತ್ತಾಗ್ತದೆ. ನಾಡಿದ್ದು ಭಾನುವಾರ. ಆ ವಿಡಿಯೋನೂ ಅದರ ಜೊತೆ ಹೋಗ್ತದೆ. ಅದಕ್ಕಿಂತ ಮೊದಲು ನಮ್ಮನೆಯವಳಿಗೆ ಒಂದು ಸಲ ತೋರಿಸೋದಿದೆ. ಅವತ್ತು ಪಕ್ಕದಲ್ಲಿ ಕೂತು ಮೆಲ್ಲಗೆ "ಇಂಡಿಕೇಟರ್ ಹಾಕಿದ್ರಾ?" ಅಂತ ಕೇಳಿದ್ದಳು. ಅದೂ ರೆಕಾರ್ಡ್ ಆಗಿದೆ. ಅದಕ್ಕೆ ನಾನು ಕೊಟ್ಟ ಉತ್ತರವೂ.