ಒಂದು ಮೆಕ್ ಮಾಡ್ ಬಿಚ್ಚಿ ನೋಡೋಣ: ಕೆಡೋಕೆ ಏನೂ ಇಲ್ಲ, ಕಾಪಾಡೋಕೂ ಏನೂ ಇಲ್ಲ

ನಮಸ್ಕಾರ. ಮೇಜಿನ ಮೇಲಿರುವ ಈ ಹಿತ್ತಾಳೆ ಕೊಳವೆ ಟಾರ್ಚ್ ಅಲ್ಲ. ಇದು ಮೆಕ್ಯಾನಿಕಲ್ ಮಾಡ್, ಅಂದರೆ ಎಲೆಕ್ಟ್ರಾನಿಕ್ಸ್ ಇಲ್ಲದ ಒಂದು ಬಗೆಯ ವೇಪ್ (ಇ-ಸಿಗರೇಟ್). ವೇಪ್ ಮಾಡುವವರು ಬರೀ ಮೆಕ್ ಅಂತಾರೆ. ನಾನಿರುವುದು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ, ಹೊಟ್ಟೆಪಾಡು ಲೇತ್ ಮಷೀನುಗಳ ಜೊತೆ. ಈ ಕೊಳವೆ ನನ್ನ ಜೊತೆ ಕೆಲಸ ಮಾಡುವ ಮಂಡ್ಯದ ಗೆಳೆಯನದ್ದು. ನಾನು ಸಿಗರೇಟೂ ಸೇದುವುದಿಲ್ಲ, ವೇಪೂ ಮಾಡುವುದಿಲ್ಲ. ನಿಕೋಟಿನ್ ಚಟ ಹಿಡಿಸುತ್ತದೆ, ಶುರು ಮಾಡದವರು ಮಾಡಲೇಬೇಡಿ. ನನ್ನ ಕುತೂಹಲ ಇರುವುದು ಲೋಹದ ಬಗ್ಗೆ. ಯಾಕಂದ್ರೆ ಗೆಳೆಯ ಯಾವಾಗಲೂ ಒಂದೇ ಮಾತು ಹೇಳುತ್ತಾನೆ: "ಗುರೂ, ಇದು ನನ್ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ ನೋಡು."

ಇರುತ್ತದಾ? ಬಿಚ್ಚೋಣ.

ಮೇಲಿನ ಮುಚ್ಚಳ. ಕೊಳವೆ. ಕೆಳಗೆ ಗುಂಡಿ. ಒಳಗೆ ಒಂದು 18650 ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಅಷ್ಟೇ. ವೈರ್ ಇಲ್ಲ, ಬೆಸುಗೆ ಇಲ್ಲ, ಚಿಪ್ ಇಲ್ಲ. ಗುಂಡಿ ಒತ್ತಿದರೆ ಸೆಲ್‌ನ ನೆಗೆಟಿವ್ ತುದಿ ಕೊಳವೆಗೆ ತಾಗುತ್ತದೆ. ಕೊಳವೆಯೇ ವೈರ್. ಕರೆಂಟು ಅದರ ಮೈಮೂಲಕ ಹರಿದು ಮೇಲಿನ ಕಾಯಿಲನ್ನು, ಅಂದರೆ ದ್ರವವನ್ನು ಆವಿ ಮಾಡುವ ತಂತಿ ಸುರುಳಿಯನ್ನು, ಬಿಸಿ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ವೇಪ್‌ಗಳಲ್ಲಿ ನಡುವೆ ಒಂದು ಚಿಪ್ ಕೂತಿರುತ್ತದೆ. ಶಾರ್ಟ್ ಆದರೆ, ಚಾರ್ಜ್ ತೀರಾ ಇಳಿದರೆ, ಯಾರಾದರೂ ತುಂಬಾ ಹೊತ್ತು ಒತ್ತಿ ಹಿಡಿದರೆ ಅದು ಕರೆಂಟು ನಿಲ್ಲಿಸುತ್ತದೆ. ಇಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ.

ಈಗ ತಾಮ್ರದ ಕಥೆಗೆ ಬರೋಣ. ಮೆಕ್ ಇಟ್ಟುಕೊಂಡವರಲ್ಲಿ ಇದೊಂದು ದೊಡ್ಡ ವಾದ. ತಾಮ್ರದ ಕೊಳವೆ ಜೋರಾಗಿ ಹೊಡೆಯುತ್ತೆ, ಅಂದರೆ ದಟ್ಟ ಆವಿ ಕೊಡುತ್ತೆ, ಸ್ಟೀಲ್ ಸಪ್ಪೆ ಅಂತ. ತಾಮ್ರದ್ದಕ್ಕೆ ದುಡ್ಡೂ ಜಾಸ್ತಿ. ನಾನು ಕೂತು ಲೆಕ್ಕ ಹಾಕಿದೆ. ಹೊರಗೆ 22 ಮಿ.ಮೀ., ಒಳಗೆ 19 ಮಿ.ಮೀ., ಉದ್ದ 80 ಮಿ.ಮೀ. ಇರುವ ಕೊಳವೆ ಅಂದುಕೊಳ್ಳಿ. ತಾಮ್ರದ್ದಾದರೆ ಆ ತುದಿಯಿಂದ ಈ ತುದಿಗೆ ರೆಸಿಸ್ಟೆನ್ಸ್ ಸುಮಾರು 0.014 ಮಿಲಿಓಮ್. ಹಿತ್ತಾಳೆಯಾದರೆ ಅದರ ನಾಲ್ಕರಷ್ಟು. ಸ್ಟೇನ್‌ಲೆಸ್ ಸ್ಟೀಲ್ ಆದರೆ 40 ಪಟ್ಟು, ಅಂದರೆ 0.6 ಮಿಲಿಓಮ್. 40 ಪಟ್ಟು ಅಂದ ಕೂಡಲೇ ಗಾಬರಿಯಾಗುತ್ತೆ ಅಲ್ವಾ? ಆದರೆ 20 ಆಂಪಿಯರ್ ಹರಿದರೂ ಸ್ಟೀಲ್ ಕೊಳವೆಯಲ್ಲಿ ಕಳೆದುಹೋಗುವುದು 0.012 ವೋಲ್ಟ್ ಮಾತ್ರ. ಅದೇ ಹೊತ್ತಿನಲ್ಲಿ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ 20 ಮಿಲಿಓಮ್ ಇದ್ದರೆ ಅಲ್ಲೇ 0.4 ವೋಲ್ಟ್ ಇಳಿಯುತ್ತದೆ. ಕೊಳವೆಯ ಲೋಹ ಯಾವುದಾದರೇನು, ನಾಲಿಗೆಗೆ ವ್ಯತ್ಯಾಸ ಗೊತ್ತಾಗುವ ಮಾತೇ ಇಲ್ಲ.

ಹಾಗಾದರೆ ಒಬ್ಬರ ಮೆಕ್ ಜೋರು, ಇನ್ನೊಬ್ಬರದ್ದು ಮಂಕು ಯಾಕೆ? ಸಂದಿಗಳು. ಗುಂಡಿಯ ಮೂತಿ, ತಿರುಪಿನ ಥ್ರೆಡ್‌ಗಳು, ಮೇಲಿನ ಪಿನ್. ಲೋಹಕ್ಕೆ ಲೋಹ ತಾಗುವ ಜಾಗ. ಅಲ್ಲಿ ಜಿಡ್ಡೋ ಕಿಲುಬೋ ಕೂತು 5 ಮಿಲಿಓಮ್ ಸೇರಿಕೊಂಡರೆ ಸಾಕು, ಅದು ಇಡೀ ಸ್ಟೀಲ್ ಕೊಳವೆಯ ಎಂಟು ಪಟ್ಟು. 20 ಆಂಪಿಯರ್‌ಗೆ ಆ ಒಂದೇ ಸಂದಿಯಲ್ಲಿ 2 ವ್ಯಾಟ್ ಬಿಸಿ ಹುಟ್ಟುತ್ತದೆ. ಕ್ಯಾಮೆರಾ ಹತ್ತಿರ ತರುತ್ತೇನೆ, ಈ ಗುಂಡಿಯ ಮೂತಿ ನೋಡಿ. ಸಣ್ಣ ಸಣ್ಣ ಕಪ್ಪು ಗುಳಿಗಳು ಕಾಣುತ್ತಿವೆಯಾ? ಒತ್ತಿದಾಗ, ಬಿಟ್ಟಾಗ ಪುಟ್ಟ ಕಿಡಿ ಹಾರುತ್ತದೆ. ಅದರ ಗುರುತು ಇವು. ಅದಕ್ಕೇ ಚೆನ್ನಾಗಿ ಮಾಡಿದ ಮೆಕ್‌ಗಳಲ್ಲಿ ಈ ಮೂತಿಯನ್ನು ಬಿಚ್ಚಿ ಬದಲಾಯಿಸಬಹುದು, ಕೆಲವದಕ್ಕೆ ಬೆಳ್ಳಿ ಲೇಪನವೂ ಇರುತ್ತದೆ. ನನ್ನನ್ನು ಕೇಳಿದರೆ ತಾಮ್ರದ ಕೊಳವೆಗೆ ಸುರಿಯುವ ದುಡ್ಡನ್ನು ಒಳ್ಳೆಯ ಥ್ರೆಡ್‌ಗೆ ಹಾಕಬೇಕು. ಶುದ್ಧ ತಾಮ್ರ ಮೆದು. ತಾಮ್ರದ ಥ್ರೆಡ್ ಮೇಲೆ ತಾಮ್ರವನ್ನೇ ತಿರುಗಿಸುತ್ತಾ ಹೋದರೆ ಉಜ್ಜಿ, ಕಚ್ಚಿಕೊಂಡು, ಒಂದು ದಿನ ಬಿಗಿಯಾಗಿ ಕೂತುಬಿಡುತ್ತದೆ. ಲೇತ್ ಮೇಲೆ ತಾಮ್ರ ತಿರುಗಿಸಿದವರಿಗೆ ಅದರ ಅಂಟು ಸ್ವಭಾವ ಗೊತ್ತು.

ಗೆಳೆಯ ಇದನ್ನು ತೊಳೆಯುವುದು ಹುಣಸೆಹಣ್ಣಿನಲ್ಲಿ! ದೇವರ ಮನೆಯ ದೀಪದ ಹಾಗೆ ಫಳಫಳ ಅನ್ನುತ್ತದೆ. ತಪ್ಪೇನಿಲ್ಲ. ಸೆಲ್ ಹೊರಗೆ ತೆಗೆದಿರಬೇಕು, ಆಮೇಲೆ ಥ್ರೆಡ್ ಒಳಗಿನ ಹುಳಿ ಪೂರ್ತಿ ಹೋಗುವಂತೆ ತೊಳೆದು ಒಣಗಿಸಬೇಕು, ಅಷ್ಟೇ.

ಮುಂದೆ ಗುಂಡಿ. ಇದರೊಳಗೆ ಸ್ಪ್ರಿಂಗ್ ಇದೆ, ಕೆಲವದರಲ್ಲಿ ಅದರ ಬದಲು ಒಂದನ್ನೊಂದು ತಳ್ಳುವ ಎರಡು ಅಯಸ್ಕಾಂತ ಇರುತ್ತವೆ. ಸ್ಪ್ರಿಂಗ್ ಮೂಲಕವೇ ಕರೆಂಟು ಹರಿಯುವ ಹಾಗಿದ್ದರೆ ಅದು ಕಾದು, ಬಿಗುವು ಕಳೆದುಕೊಂಡು ಕುಸಿಯುತ್ತದೆ. ಅಯಸ್ಕಾಂತ ಸವೆಯುವುದಿಲ್ಲ, ಆದರೆ ಮಾಮೂಲಿ ನಿಯೋಡಿಮಿಯಮ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಎರಡರಲ್ಲೂ ಕಾಟ ಒಂದೇ: ಗುಂಡಿ ಒತ್ತಿದಲ್ಲೇ ನಿಂತುಬಿಡಬಹುದು. ಗುಂಡಿಯ ಸುತ್ತ ಇರುವ ಈ ಉಂಗುರ ಲಾಕ್. ಇದನ್ನು ತಿರುಗಿಸಿದರೆ ಗುಂಡಿ ಒಳಗೆ ಹೋಗುವುದಿಲ್ಲ. ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಸುದ್ದಿಯಾದ 195 ವೇಪ್ ಬೆಂಕಿ ಮತ್ತು ಸ್ಫೋಟಗಳನ್ನು ಲೆಕ್ಕ ಹಾಕಿತ್ತು. ಎಲ್ಲ ಬಗೆಯ ವೇಪ್‌ಗಳೂ ಅದರಲ್ಲಿವೆ. ಸುಮಾರು ಮೂರರಲ್ಲಿ ಒಂದು ಘಟನೆ ಸಾಧನವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ ಆಗಿದ್ದು.

ಈಗ ನನಗೆ ನಿಜವಾಗಿ ಬೇಸರ ತರಿಸುವ ಜಾಗ. ಮೇಲಿನ ಮುಚ್ಚಳ. ಕಾಯಿಲ್ ಇರುವ ಭಾಗ ಕೂರುವುದು 510 ಅನ್ನುವ ಥ್ರೆಡ್ ಮೇಲೆ, 7 ಮಿ.ಮೀ. ಅಗಲದ್ದು. ಥ್ರೆಡ್ ನೆಗೆಟಿವ್, ನಡುವಿನ ಪಿನ್ ಪಾಸಿಟಿವ್. ಸರಿಯಾದ ಮೆಕ್‌ನಲ್ಲಿ ಮುಚ್ಚಳಕ್ಕೇ ಒಂದು ಪಿನ್ ಇದ್ದು, ಸೆಲ್‌ಗೂ ಥ್ರೆಡ್‌ಗೂ ನಡುವೆ ಪ್ಲಾಸ್ಟಿಕ್ ಬಳೆ ಇರುತ್ತದೆ. ಹೈಬ್ರಿಡ್ ಅನ್ನುವ ಮಾದರಿಯಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಕಾಯಿಲ್ ಭಾಗದ ಪಿನ್ ನೇರವಾಗಿ ಸೆಲ್‌ನ ತಲೆಗೆ ತಾಗುತ್ತದೆ. ಒಂದು ಸಂದಿ ಕಡಿಮೆಯಾಯಿತು, ಒಪ್ಪುತ್ತೇನೆ. ಆದರೆ ಆ ಪಿನ್ ಥ್ರೆಡ್‌ಗಿಂತ ಸಾಕಷ್ಟು ಮುಂದೆ ಚಾಚಿರದಿದ್ದರೆ? ಥ್ರೆಡ್‌ನ ಅಂಚೇ ಸೆಲ್‌ನ ಪಾಸಿಟಿವ್ ತಲೆಗೆ ಕೂರುತ್ತದೆ. ಗುಂಡಿ ಒತ್ತಿದರೆ ನೇರ ಶಾರ್ಟ್. ಸೆಲ್‌ನ ಹೊರಮೈ ಪೂರ್ತಿ ನೆಗೆಟಿವ್ ಅನ್ನುವುದೂ ನೆನಪಿರಲಿ. ಅದನ್ನು ಮುಚ್ಚಿರುವುದು ತೆಳು ಪ್ಲಾಸ್ಟಿಕ್ ಸಿಪ್ಪೆ. ತಲೆಯ ಹತ್ತಿರ ಅದು ಹರಿದಿದ್ದರೆ ಗುಂಡಿ ಒತ್ತುವುದೂ ಬೇಕಾಗಿಲ್ಲ. ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಂತರದ ಮೇಲೆ ಇಷ್ಟೆಲ್ಲ ನಿಂತಿರುವ ಡ್ರಾಯಿಂಗನ್ನು ನಮ್ಮ ಶಾಪ್‌ನಲ್ಲಿ ಯಾರೂ ಪಾಸ್ ಮಾಡುವುದಿಲ್ಲ.

ಕೆಳಗೆ ಕೊರೆದಿರುವ ಈ ತೂತುಗಳು ಸೆಲ್ ಉಬ್ಬಿದರೆ ಅನಿಲ ಹೊರಗೆ ಹೋಗಲು. ತೂತಿಲ್ಲದ ಕೊಳವೆ ಬಾಂಬೇ ಸರಿ. 2018ರ ಮೇನಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವೇಪ್ ಸಿಡಿದು ಅದರ ಚೂರು ತಲೆಗೆ ಹೊಕ್ಕು ಒಬ್ಬರು ತೀರಿಕೊಂಡರು. 2019ರ ಜನವರಿಯಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಇನ್ನೊಬ್ಬ ಯುವಕನ ಕುತ್ತಿಗೆಯ ರಕ್ತನಾಳ ಕತ್ತರಿಸಿಹೋಯಿತು.

ಚಿಪ್ ಇಲ್ಲ ಅಂದಮೇಲೆ ಲೆಕ್ಕ ಮಾಡಬೇಕಾದವರು ಕೈಯಲ್ಲಿ ಹಿಡಿದವರೇ. ತುಂಬಿದ ಸೆಲ್ 4.2 ವೋಲ್ಟ್. ಕಾಯಿಲ್ 0.5 ಓಮ್ ಇದ್ದರೆ 8.4 ಆಂಪಿಯರ್. 0.2 ಇದ್ದರೆ 21. 0.1 ಇದ್ದರೆ 42. ಮೆಕ್‌ಗಳಲ್ಲಿ ತುಂಬಾ ಓಡಾಡಿದ ಸ್ಯಾಮ್‌ಸಂಗ್ 25ಆರ್ ಸೆಲ್‌ನ ಮಿತಿ ನಿರಂತರ 20 ಆಂಪಿಯರ್. 0.2ಕ್ಕೇ ಮಿತಿ ದಾಟಿತಲ್ಲ. ಕಾಯಿಲನ್ನು ಕೈಯಲ್ಲೇ ಸುತ್ತುವವರು ಜಾಸ್ತಿ, ಒಂದು ಸುತ್ತು ಪಕ್ಕದ ಲೋಹಕ್ಕೆ ಒರಗಿದರೂ ಆ 0.5 ಎಲ್ಲಿಗೆ ಇಳಿಯುತ್ತದೋ ಹೇಳಲಾಗದು. ಗೆಳೆಯನ ಹತ್ತಿರ ಓಮ್ ಮೀಟರ್ ಇದೆ, ಪ್ರತಿಸಲ ಅಳೆಯುತ್ತಾನೆ. ಅದು ಬಿಟ್ಟು ಮೆಕ್ ಹಿಡಿಯುವವರನ್ನು ಕಂಡರೆ ನನಗೆ ಭಯ.

ಮೊಮ್ಮಕ್ಕಳ ಮಾತಿಗೆ ಬಂದರೆ, ಕೊಳವೆ ಖಂಡಿತ ಉಳಿಯುತ್ತದೆ. ಪ್ಲಾಸ್ಟಿಕ್ ಬಳೆ ಒಂದೆರಡು ಸಲ ಬದಲಾಗಬೇಕಾದೀತು. ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ ಆದರೆ 175 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಪೀಕ್ ಅನ್ನುವುದಾದರೆ 340ರ ಆಸುಪಾಸಿನವರೆಗೂ ಕರಗುವುದಿಲ್ಲ. ಸೆಲ್‌ಗಳು ಸವೆದು ಹೋಗುತ್ತಲೇ ಇರುತ್ತವೆ. ಒಮ್ಮೆ ಸೇದಿ ಎಸೆಯುವ ವೇಪ್‌ಗಳು ಇಲ್ಲಿನ ಬೀದಿಗಳಲ್ಲಿ ಎಷ್ಟು ಬಿದ್ದಿರುತ್ತಿದ್ದವು ಅಂದರೆ, 2025ರ ಜೂನ್ 1ರಿಂದ ಬ್ರಿಟನ್‌ನಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಬೇಕಾಯಿತು. ಆ ಕಸದ ಪಕ್ಕ ಇಟ್ಟರೆ ಈ ಹಿತ್ತಾಳೆ ಗೌರವಸ್ಥ. ಗೌರವ ಕೊಳವೆಗೆ ಮಾತ್ರ, ಹೈಬ್ರಿಡ್ ಮುಚ್ಚಳಕ್ಕಲ್ಲ.

ಗೆಳೆಯ ದಸರೆಗೆ ಊರಿಗೆ ಹೊರಟಿದ್ದಾನೆ. ಬ್ಯಾಗಿಗೆ ಹಾಕಿಕೊಳ್ಳಲಾ ಅಂತ ಕೇಳಿದ. ಬೇಡ ಅಂದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ಪೂರ್ತಿ ಸಾಧನವಿರಲಿ, ಬಿಡಿಭಾಗವಿರಲಿ, ಆಮದು ಮಾಡುವ ಹಾಗಿಲ್ಲ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. "ಬರೀ ಹಿತ್ತಾಳೆ ಕೊಳವೆ ಕಣೋ" ಅಂದ. ಅದನ್ನು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ನೀನೇ ವಿವರಿಸು ಅಂದೆ.