ಕಟ್ಟಿಂಗ್ ಟೇಬಲ್: ಮೊದಲು ಮೊಣಕೈ, ಆಮೇಲೆ ಬಟ್ಟೆ, ಕೊನೆಗೆ ಕೋಣೆ

[ದೃಶ್ಯ: ನೆಲದ ಮೇಲೆ ಹಾಸಿದ ಹತ್ತಿ ಬಟ್ಟೆ. ಬಗ್ಗಿ ಕತ್ತರಿ ಹಾಕುತ್ತಿರುವ ಕೈ. ಕ್ಯಾಮೆರಾ ನಿಧಾನಕ್ಕೆ ಮಂಡಿಯ ಹತ್ತಿರ ಬರುತ್ತದೆ.]

ನಮಸ್ಕಾರ. ಕತ್ತರಿ ಬಿಡಿ, ಈ ಮಂಡಿ ನೋಡಿ. ಬಟ್ಟೆ ಜರುಗದ ಹಾಗೆ ಹಿಡಿದಿರೋದು ಅದೇ. ಆ ತುದಿ ಮುಟ್ಟೋಕೆ ಮಂಡಿ ಒಂದು ಗೇಣು ಮುಂದೆ ಹೋಯಿತು ಅಂದರೆ, ಮೇಲಿನ ಪದರ ಅದರ ಜೊತೆಗೇ ಹೋಗುತ್ತೆ, ಕೆಳಗಿನದು ಇದ್ದಲ್ಲೇ ಇರುತ್ತೆ. ಬ್ಲೌಸಿನ ಎಡಗಡೆ, ಬಲಗಡೆ ಕಾಲಿಂಚು ಹೆಚ್ಚುಕಮ್ಮಿ ಬಂದಾಗ ಬೈಸಿಕೊಳ್ಳೋದು ಪಾಪದ ಮಷೀನು.

ಮುಂಬೈ ಕಡೆಯ ಡೊಂಬಿವಲಿ, ಭಾಂಡುಪ್, ಮೀರಾ ರೋಡಿನ ಒನ್ ಬಿಎಚ್‌ಕೆ ಮನೆಗಳಲ್ಲಿ ಮಷೀನಿಗೆ ಹೇಗೋ ಕಿಟಕಿ ಪಕ್ಕ ಜಾಗ ಆಗುತ್ತೆ. ಕಟ್ಟಿಂಗಿಗೆ ಮಾತ್ರ ನೆಲ, ಇಲ್ಲಾಂದರೆ ಊಟದ ಮೇಜು. ಟೇಬಲ್ ಮಾಡಿಸೋಣ ಅಂದ ಕೂಡಲೇ ಮೊದಲ ಪ್ರಶ್ನೆ, "ನಾಲ್ಕು ಅಡಿ ಸಾಕಾ, ಆರು ಅಡಿ ಬೇಕಾ?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ಎತ್ತರ. ಉದ್ದ ಕಮ್ಮಿಯಾದರೆ ಬಟ್ಟೆ ಮಡಚಿ ಇಟ್ಟು ಸುಧಾರಿಸಬಹುದು. ಎತ್ತರ ತಪ್ಪಿದರೆ ಬೆನ್ನನ್ನ ಎಲ್ಲಿ ಮಡಚಿ ಇಡ್ತೀರಿ?

[ದೃಶ್ಯ: ಗೋಡೆಗೆ ಬೆನ್ನು ಕೊಟ್ಟು ನಿಂತವರು, ಮೊಣಕೈ ಲಂಬಕೋನಕ್ಕೆ ಮಡಚಿದ್ದಾರೆ. ಟೇಪು ನೆಲದಿಂದ ಮೊಣಕೈವರೆಗೆ.]

ಮನೆಯಲ್ಲಿ ಚಪ್ಪಲಿ ಹಾಕೋ ಅಭ್ಯಾಸ ಇದ್ದರೆ ಹಾಕಿಕೊಂಡೇ ನಿಲ್ಲಿ. ಭುಜ ಸಡಿಲ ಬಿಡಿ, ಮೊಣಕೈ ಮಡಚಿ. ನೆಲದಿಂದ ಮೊಣಕೈಗೆ ಎಷ್ಟು ಬಂತೋ ಅದರಲ್ಲಿ 4 ಇಂಚು ಕಳೆಯಿರಿ. 5 ಅಡಿ 2 ಇಂಚಿನವರಿಗೆ ಮೊಣಕೈ ಸುಮಾರು 39 ಇಂಚಿಗೆ ಬರುತ್ತೆ, ಟೇಬಲ್ 35 ಇಂಚು. ಊಟದ ಮೇಜು ಇರೋದು 30 ಇಂಚು. ಆ 5 ಇಂಚು ಏನು ಮಹಾ ಅನ್ನಿಸಬಹುದು. ಮೂರು ಕುರ್ತಾ ಕತ್ತರಿಸಿ ಎದ್ದ ಮೇಲೆ ಸೊಂಟ ಅದರ ಲೆಕ್ಕ ಒಪ್ಪಿಸುತ್ತೆ.

ಜಾಸ್ತಿ ಎತ್ತರ ಆದರೂ ತೊಂದರೆಯೇ, ಅದು ಇಲ್ಲಿ ಕಾಣುತ್ತೆ ನೋಡಿ.

[ಹತ್ತಿರದ ದೃಶ್ಯ: ದೊಡ್ಡ ಕತ್ತರಿಯ ಕೆಳಗಿನ ಅಲಗು ಮೇಜಿಗೆ ಒರಗಿ ಜಾರುತ್ತಿದೆ. ಎರಡನೇ ಸಲ ಅಲಗು ಮೇಲೇಳುತ್ತದೆ, ಬಟ್ಟೆ ಗುಡಾರದ ಹಾಗೆ ಎದ್ದು ನಿಲ್ಲುತ್ತದೆ.]

10 ಇಂಚಿನ ಟೇಲರ್ ಕತ್ತರಿಯ ಕೆಳಗಿನ ಅಲಗು ಮೇಜು ಬಿಡಬಾರದು, ಅದರ ಮೇಲೆ ಒರಗಿಕೊಂಡೇ ಜಾರಬೇಕು. ಮೇಜು ಎತ್ತರವಾದರೆ ಭುಜ ಏರುತ್ತೆ, ಮಣಿಕಟ್ಟು ಸೊಟ್ಟಗಾಗುತ್ತೆ, ಅಲಗು ಎದ್ದು ಬಟ್ಟೆಯನ್ನೂ ಎಬ್ಬಿಸುತ್ತೆ. ಆಗ ಕತ್ತರಿ ಬಾಯಿ ಮುಚ್ಚಿದ ಕಡೆಯೆಲ್ಲ ಒಂದೊಂದು ಹಲ್ಲು ಹಲ್ಲು ಗುರುತು.

ಮನೆಯಲ್ಲಿ ಇಬ್ಬರು ಹೊಲಿಯೋರಿದ್ದರೆ? ಎತ್ತರದವರ ಲೆಕ್ಕಕ್ಕೆ ಮಾಡಿಸಿ. ಗಿಡ್ಡ ಇರೋರು ಮಣೆ ಹಾಕಿಕೊಂಡು ನಿಲ್ಲಬಹುದು, ಉದ್ದ ಇರೋರು ನೆಲ ಅಗೆಯೋಕಾಗಲ್ಲ. ಚಕ್ರ ಹಾಕಿಸೋದಿದ್ದರೆ ಚಕ್ರದ ಎತ್ತರವೂ ಇದರೊಳಗೇ ಬರಬೇಕು. 2 ಇಂಚಿನ ಚಕ್ರ ಅಂತ ಕೊಟ್ಟಿದ್ದು ಪ್ಲೇಟು ಸೇರಿ ಎರಡೂವರೆಯಿಂದ ಮೂರು ಇಂಚು ಇರುತ್ತೆ. ಅಂಗಡಿಯಲ್ಲೇ ಅಳೆದು ನೋಡಿ. ನಾಲ್ಕೂ ಚಕ್ರಕ್ಕೆ ಲಾಕ್ ಬೇಕು. ಎರಡಕ್ಕೆ ಮಾತ್ರ ಇದ್ದರೆ ಕತ್ತರಿ ಒತ್ತಿದಾಗ ಮೇಜು ಲಾಕ್ ಇರೋ ಕಾಲಿನ ಸುತ್ತ ಗಿರಕಿ ಹೊಡೆಯುತ್ತೆ.

[ದೃಶ್ಯ: ಮೂರು ಅಗಲದ ಬಟ್ಟೆಗಳು ಮಡಚಿ ಒಂದರ ಪಕ್ಕ ಒಂದು.]

ಇನ್ನು ಬಟ್ಟೆ. ಹಿಂದ್‌ಮಾತಾದ ಬಟ್ಟೆ ಅಂಗಡಿಗಳಲ್ಲಾಗಲಿ ಮಂಗಲದಾಸ್ ಮಾರ್ಕೆಟಿನಲ್ಲಾಗಲಿ ನೀವು ಹೆಚ್ಚಾಗಿ ತರೋದು ಮೂರು ಪನ್ನಾ, ಅಂದರೆ ಮೂರು ಅಗಲ: 36, 44, 58 ಇಂಚು. ಉದ್ದಕ್ಕೆ ಅಂಚಿಗೆ ಅಂಚು ಕೂಡಿಸಿ ಮಡಚಿದರೆ 18, 22, 29. ಅಂದರೆ 30 ಇಂಚು ಅಗಲದ ಮೇಜಿನ ಮೇಲೆ ಮೂರೂ ಕೂರುತ್ತೆ. ಗೋಡೆಗೆ ತಾಗಿಸಿ ಇಡೋದಾದರೆ 30 ಇಂಚು ಮೀರಲೇಬೇಡಿ, ಆಚೆ ತುದಿಗೆ ಕತ್ತರಿ ಹಾಕೋಕೆ ಮೇಜಿನ ಮೇಲೆ ಮಲಗಬೇಕಾಗುತ್ತೆ. 36 ಇಂಚು ಅಗಲ ಬೇಕಿದ್ದರೆ ಎರಡೂ ಕಡೆಯಿಂದ ಹೋಗೋಕೆ ದಾರಿ ಇರಬೇಕು, ಕಡೇ ಪಕ್ಷ ಒಂದೂವರೆ ಅಡಿ.

ಉದ್ದ 5 ಅಡಿ. ಕುರ್ತಾದ ಉದ್ದ 45 ಇಂಚು ಇಟ್ಟುಕೊಂಡರೂ ಒಂದು ಭಾಗ ಪೂರ್ತಿ ಬಂದು, ಸ್ಕೇಲು, ಚಾಕ್‌ಪೀಸು ಇಡೋಕೂ ಜಾಗ ಉಳಿಯುತ್ತೆ. ಆದರೆ ತಂದಿರೋ ಬಟ್ಟೆ ಎರಡೂವರೆ ಮೀಟರ್, ಅಂದರೆ 98 ಇಂಚು. 60 ಇಂಚು ಮೇಜಿನ ಮೇಲೆ, 38 ಇಂಚು ಕೆಳಗೆ ಜೋತು ಬೀಳುತ್ತೆ. ನಿಜವಾದ ಕಿತಾಪತಿ ಇರೋದು ಇಲ್ಲೇ.

[ಹತ್ತಿರದ ದೃಶ್ಯ: ಜಾರ್ಜೆಟ್ ಬಟ್ಟೆ ಮೇಜಿನ ತುದಿಯಿಂದ ಜೋತಿದೆ. ಚಾಕ್‌ಪೀಸಿನಲ್ಲಿ ಎಳೆದ ಅಡ್ಡಗೆರೆ ನಿಧಾನಕ್ಕೆ ಬಿಲ್ಲಿನಂತೆ ಬಾಗುತ್ತದೆ.]

ಗೆರೆ ನೋಡ್ತಾ ಇರಿ. ಯಾರೂ ಮುಟ್ಟಿಲ್ಲ. ಜೋತಿರೋ ಬಟ್ಟೆ ತನ್ನ ತೂಕಕ್ಕೇ ಎಳೆಯುತ್ತಿದೆ, ಹಾಸು ಹೊಕ್ಕು ಓರೆಯಾಗ್ತಿದೆ. ಹೀಗೇ ಕತ್ತರಿಸಿ ಹೊಲಿದರೆ ಆ ದಿನ ಚೆನ್ನಾಗಿಯೇ ಕಾಣುತ್ತೆ. ಎರಡು ಸಲ ಒಗೆದ ಮೇಲೆ ಬದಿಯ ಹೊಲಿಗೆ ತಿರುಚಿಕೊಂಡು ತೊಡೆಯ ಮುಂದೆ ಬಂದು ನಿಲ್ಲುತ್ತೆ. ಇದಕ್ಕೆ ಮೇಜಿನ ಒಂದು ತುದಿಗೆ 18 ಇಂಚಿನ ರೆಕ್ಕೆ ಹಾಕಿಸಿ, ಬಿಜಾಗರಿ ಕೊಟ್ಟು ಕೆಳಗೆ ಬೀಳೋ ಹಾಗೆ. ಅದನ್ನೆತ್ತಿದರೆ 78 ಇಂಚು ಆಯಿತು. ಉಳಿದ 20 ಇಂಚು ಬಟ್ಟೆಯನ್ನ ರೆಕ್ಕೆಯ ಮೇಲೇ ಮಡಚಿ ಇಡಿ, ಜೋತಾಡೋಕೆ ಬಿಡಬೇಡಿ.

[ದೃಶ್ಯ: 8×4 ಹಲಗೆಯ ಚಿತ್ರ, ಮೇಲೆ ಕೊಯ್ಯುವ ಗೆರೆಗಳು.]

ಹಲಗೆಗೆ ಬರೋಣ. ಪ್ಲೈವುಡ್ ಬರೋದು 8 ಅಡಿ 4 ಅಡಿ ಶೀಟು, ದಪ್ಪ 18 ಮಿಲಿಮೀಟರ್ ತಗೊಳ್ಳಿ. ಇಡೀ ಶೀಟು 30 ಕಿಲೋ ಆಸುಪಾಸು ಇರುತ್ತೆ, ಬಿಲ್ಡಿಂಗಿನ ಲಿಫ್ಟಿಗೆ ಹೋಗಲ್ಲ. ಅಂಗಡಿಯಲ್ಲೇ ಕೊಯ್ಯಿಸಿ. 5 ಅಡಿಗೆ ಎರಡೂವರೆ ಅಡಿ ತೆಗೆದರೆ, 5 ಅಡಿಗೆ ಒಂದೂವರೆ ಅಡಿಯ ತುಂಡು ಒಂದು, 4 ಅಡಿಗೆ 3 ಅಡಿಯದು ಒಂದು ಉಳಿಯುತ್ತೆ. ಮೊದಲನೆಯದರಲ್ಲಿ ಮೇಜಿನ ಅಡಿಗೆ ಕೊಡೋ 4 ಇಂಚಿನ ಪಟ್ಟಿಗಳು, ಎರಡನೆಯದರಲ್ಲಿ ರೆಕ್ಕೆ. ಪಟ್ಟಿ ಬಿಟ್ಟು ದುಡ್ಡು ಉಳಿಸೋಕೆ ಹೋಗಬೇಡಿ. 18 ಮಿಲಿ ಆದರೂ 5 ಅಡಿ ಬರೀ ಹಲಗೆ ವರ್ಷದೊಳಗೆ ನಡುವಿನಲ್ಲಿ ಬಾಗುತ್ತೆ.

ಎಂಆರ್ ಪ್ಲೈ, ಅಂದರೆ ಐಎಸ್ 303 ಮುದ್ರೆಯ, ಸ್ವಲ್ಪ ತೇವ ತಡೆಯೋ ಮಾಮೂಲಿ ಪ್ಲೈ, ಒಣಗಿದ ಕೋಣೆಗೆ ಸಾಕು. ಮಳೆಗಾಲದಲ್ಲಿ ನೀರು ಜಿನುಗೋ ಗೋಡೆ ಪಕ್ಕ, ಅಥವಾ ಮುಚ್ಚಿದ ಬಾಲ್ಕನಿಯಲ್ಲಿ ಇಡೋದಾದರೆ ಐಎಸ್ 710, ಅಂದರೆ ನೀರು ತಡೆಯೋ ಮೆರೈನ್ ಪ್ಲೈ ಕೇಳಿ, ಹಲಗೆ ಮೇಲಿನ ಮುದ್ರೆ ಓದಿ ನೋಡಿ. ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಮೇಜು ಈ ಊರಿಗೆ ಬೇಡ ಅನ್ನೋದು ನಮ್ಮ ಅಭಿಪ್ರಾಯ. ಅಂಚಿನ ಪಟ್ಟಿ ಬಿಟ್ಟ ಜಾಗದಿಂದ ತೇವ ಒಳಗೆ ಹೋಗಿ ಹಲಗೆ ರಸ್ಕಿನ ಹಾಗೆ ಉಬ್ಬುತ್ತೆ, ಸಡಿಲಾದ ಸ್ಕ್ರೂ ಅದೇ ತೂತಿನಲ್ಲಿ ಇನ್ನೊಂದು ಸಲ ಕೂರಲ್ಲ.

ಸನ್‌ಮೈಕಾ ಎರಡೂ ಕಡೆ ಹಾಕಿಸಲೇಬೇಕು. ಮೇಲೆ 1 ಮಿಲಿ, ಕೆಳಗೆ ತೆಳ್ಳಗಿನದು ಆದರೂ ಸರಿ. "ಕೆಳಗಡೆ ಯಾರು ನೋಡ್ತಾರೆ" ಅಂತ ಸುತಾರ, ಅಂದರೆ ಬಡಗಿ, ಹೇಳೇ ಹೇಳ್ತಾನೆ. ಯಾರೂ ನೋಡಲ್ಲ, ಜೂನ್ ತಿಂಗಳ ಗಾಳಿ ಬಿಡಲ್ಲ. ಬರೀ ಇರೋ ಕೆಳಮೈ ತೇವ ಕುಡಿದು ಹಿಗ್ಗುತ್ತೆ, ಮೇಲ್ಮೈ ಹಿಗ್ಗಲ್ಲ, ಮೇಜು ಹಿಟ್ಟು ಕಲಸೋ ಪರಾತದ ಹಾಗೆ ನಡುವಿನಲ್ಲಿ ತಗ್ಗುತ್ತೆ. ಆ ತಗ್ಗಿನ ಮೇಲೆ ಇಟ್ಟ ಎಲ್ ಸ್ಕೇಲು ಬಟ್ಟೆಯನ್ನ ಒತ್ತಿ ಹಿಡಿಯಲ್ಲ.

ಮಿರಿಮಿರಿ ಮಿಂಚೋದು ಬೇಡ. ಸ್ಯಾಟಿನ್, ಜಾರ್ಜೆಟ್ ಅದರ ಮೇಲೆ ನಿಲ್ಲಲ್ಲ, ಟ್ಯೂಬ್‌ಲೈಟಿನ ಹೊಳಪೂ ಕಣ್ಣಿಗೆ ಹೊಡೆಯುತ್ತೆ. ಮರದ ಗೀರು ಕೊರೆದಿರೋ ಡಿಸೈನೂ ಬೇಡ, ಪೇಪರ್ ಪ್ಯಾಟರ್ನಿನ ಮೇಲೆ ಪೆನ್ಸಿಲ್ ಎಳೆದರೆ ಗೀರಿನೊಳಗೆ ಇಳಿದು ಪೇಪರ್ ಹರಿದುಹೋಗುತ್ತೆ. ಹೊಳಪಿಲ್ಲದ ಸಾದಾ ಮ್ಯಾಟ್ ಫಿನಿಶ್, ತಿಳಿ ಬೂದು ಬಣ್ಣ. ಬಿಳಿ ಮೇಜಿನ ಮೇಲೆ ಬಿಳಿ ಲೈನಿಂಗಿನ ಅಂಚು ಹುಡುಕೋದು ಒಂದು ಶಿಕ್ಷೆ.

ರೋಟರಿ ಕಟರ್, ಅಂದರೆ ಉರುಳೋ ದುಂಡು ಅಲಗಿನ ಕಟರ್, ಬಳಸೋರಿಗೆ ಕೆಳಗೆ ಹಾಸೋ ಕಟ್ಟಿಂಗ್ ಮ್ಯಾಟ್ ಬೇಕಾಗುತ್ತೆ, ಎ1 ಅಳತೆ, 60×90 ಸೆಂಟಿಮೀಟರ್. ಅದರ ಮೇಲೆ ಇಸ್ತ್ರಿ ಮಾಡಬೇಡಿ, ಬಿಸಿಲು ಬೀಳೋ ಕಡೆ ಇಡಬೇಡಿ, ಸೊಟ್ಟಗಾದರೆ ಮತ್ತೆ ನೆಟ್ಟಗಾಗಲ್ಲ. ಸನ್‌ಮೈಕಾದ ಮೇಲೆ ನೇರ ಇಸ್ತ್ರಿಯೂ ಬೇಡ, ಬಿಸಿಗೆ ಕೆಳಗಿನ ಗೋಂದು ಬಿಟ್ಟು ಗುಳ್ಳೆ ಏಳುತ್ತೆ. ದಪ್ಪ ಉಣ್ಣೆ ಕಂಬಳಿ ಎರಡು ಮಡಿಕೆ, ಮೇಲೆ ಹತ್ತಿ ಬಟ್ಟೆ ಹಾಸಿ ಮಾಡಿ.

[ದೃಶ್ಯ: ಗೋಡೆಗೆ ಮಡಚಿದ ಮೇಜು. ಡ್ರಿಲ್ಲಿನ ಬಾಯಿಂದ ಉದುರುವ ಪುಡಿ.]

ಜಾಗವೇ ಇಲ್ಲ, ಗೋಡೆಗೆ ಮಡಚೋ ಮೇಜೇ ಗತಿ ಅನ್ನೋರು ಮೊದಲು ಒಂದು ಸಣ್ಣ ತೂತು ಕೊರೆದು ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಕೂರೋ ಬೋಲ್ಟು) ಹಿಡಿಯುತ್ತೆ. ಡ್ರಿಲ್ ಏದುಸಿರು ಬಿಟ್ಟು ಬೂದು ಪುಡಿ ಬಂದರೆ ಕಾಂಕ್ರೀಟು, ಇನ್ನೂ ಒಳ್ಳೇದು. ಬೆಣ್ಣೆಗೆ ಚಾಕು ಹೋದ ಹಾಗೆ ಒಳಗೆ ಹೋಗಿ ಬೆಳ್ಳಗಿನ ಮೆತ್ತನೆ ಪುಡಿ ಬಂದರೆ ಅದು ಸಿಪೊರೆಕ್ಸ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರೋ ಹಗುರ ಕಾಂಕ್ರೀಟ್ ಬ್ಲಾಕು. ಹೊಸ ಟವರುಗಳ ಒಳಗೋಡೆ ಬಹಳಷ್ಟು ಇದೇ. ಮಾಮೂಲಿ ಆಂಕರ್ ಅದರಲ್ಲಿ ಇವತ್ತು ಗಟ್ಟಿ ಅನ್ನಿಸಿದರೂ, ಕತ್ತರಿಯ ಒತ್ತಡ ಬಿದ್ದು ಬಿದ್ದು ತೂತು ದೊಡ್ಡದಾಗಿ ಒಂದಿನ ಕಿತ್ತು ಬರುತ್ತೆ. ಅಂಥ ಗೋಡೆಗೆ ಬಿಜಾಗರಿಯ ಪಟ್ಟಿ ಮಾತ್ರ ಹಾಕಿಸಿ, ಅದಕ್ಕೇ ಅಂತ ಬರೋ ಪ್ಲಗ್ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ತೂಕ ಹೊರೋಕೆ ಮುಂದುಗಡೆ ಮಡಚೋ ಕಾಲು ಕೊಡಿಸಿ. ಭಾರ ನೆಲಕ್ಕೆ ಹೋಗಲಿ.

ಬೆಳಕಿನ ವಿಷಯ ಎರಡೇ ಮಾತು. ಬಲಗೈಯವರಿಗೆ ಎಡದಿಂದ ಬರಬೇಕು, ಟ್ಯೂಬು ನಿಮ್ಮ ಬೆನ್ನ ಹಿಂದೆ ಇರಬಾರದು. ಇದ್ದರೆ ಕತ್ತರಿಯ ಬಾಯಿ ನಿಮ್ಮ ನೆರಳಲ್ಲೇ ಇರುತ್ತೆ.

[ದೃಶ್ಯ: ಚೀಟಿಯ ಮೇಲೆ ಕೈಬರಹ.]

ಸುತಾರನಿಗೆ ಬಾಯಲ್ಲಿ ಹೇಳಬೇಡಿ, ಚೀಟಿ ಕೊಡಿ. ಅವನ ಲೆಕ್ಕ ಇಂಚು ಮತ್ತು ಸೂತ್, 8 ಸೂತಿಗೆ ಒಂದು ಇಂಚು. ಹೀಗೆ ಬರೆಯಿರಿ: ಮೇಜು 60×30 ಇಂಚು, ಎತ್ತರ ಚಕ್ರ ಸೇರಿ 35, ರೆಕ್ಕೆ 30×18, ಸನ್‌ಮೈಕಾ ಎರಡೂ ಕಡೆ, ಕಾಲುಗಳು ಅಂಚಿನಿಂದ 4 ಇಂಚು ಒಳಗೆ, ಹಿಂದುಗಡೆ ಒಂದು ಓರೆ ಪಟ್ಟಿ, ಮೂಲೆ ದುಂಡಗೆ. ಕಾಲು ಒಳಗೆ ಯಾಕೆ ಅಂದರೆ ಅಂಚಿಗೆ ಕ್ಲಿಪ್ ಹಾಕಿ ಬಟ್ಟೆ ಹಿಡಿಸೋಕೆ. ಎತ್ತರದ ಜಾಗದಲ್ಲಿ ನಿಮ್ಮ ಅಂಕಿ ಹಾಕಿ, ನಮ್ಮದಲ್ಲ.

ಮೇಜು ಬಂದ ದಿನ ಬಾಕಿ ದುಡ್ಡು ಕೊಡೋ ಮುಂಚೆ ಎರಡು ಪರೀಕ್ಷೆ. ಒಂದು ತುದಿ ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ತಳ್ಳಿ, ಎಳೆಯಿರಿ. ಕಾಲು ನಿಂತು ಮೇಲ್ಭಾಗ ಮಾತ್ರ ತೂಗಿದರೆ ಓರೆ ಪಟ್ಟಿ ಸರಿಯಾಗಿ ಬಿಗಿದಿಲ್ಲ.

[ಹತ್ತಿರದ ದೃಶ್ಯ: ಹಳೇ ನೆಟ್ ದುಪಟ್ಟಾ ಮೇಜಿನ ಅಂಚಿನುದ್ದಕ್ಕೂ ಜಾರುತ್ತಿದೆ, ಒಂದು ಕಡೆ ಎಳೆ ಸಿಕ್ಕಿ ನಿಲ್ಲುತ್ತದೆ.]

ಆಮೇಲೆ ಹಳೇ ನೆಟ್ ದುಪಟ್ಟಾ ತಗೊಂಡು ನಾಲ್ಕೂ ಅಂಚು, ರೆಕ್ಕೆಯ ಸಂದು, ಬಿಜಾಗರಿಯ ಸ್ಕ್ರೂ ತಲೆ, ಎಲ್ಲದರ ಮೇಲೂ ಒಂದು ಸಲ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅವನ ಎದುರಿಗೇ ಪಾಲಿಶ್ ಪೇಪರ್ ಹೊಡೆಸಿ, ಮತ್ತೆ ಎಳೆದು ನೋಡಿ.