ಅಲ್ಮಾ ಟನೆಲ್ ಮೇಲೆ ನಿಂತು: ಡಯಾನಾ ಪಿತೂರಿ ಕತೆಗಳಲ್ಲಿ ಹುರುಳೆಷ್ಟು?

ಪ್ಯಾರಿಸ್ ಮೆಟ್ರೋ ಒಂಬತ್ತನೇ ಲೈನು, ಅಲ್ಮಾ-ಮಾರ್ಸೋ ಸ್ಟೇಷನ್ನು. ಮೇಲೆ ಬರ್ತಿದ್ದ ಹಾಗೇ ಈ ಚಿನ್ನದ ಬಣ್ಣದ ಜ್ವಾಲೆ ಕಾಣುತ್ತೆ. ಜನ ಇಲ್ಲಿಗೆ ಹೂವು, ಫೋಟೋ, ಚೀಟಿ ತರೋದೆಲ್ಲ ಬ್ರಿಟನ್ನಿನ ರಾಜಕುಮಾರಿ ಡಯಾನಾಗೆ. ಆದ್ರೆ ಇದು ಡಯಾನಾ ಸ್ಮಾರಕ ಅಲ್ವೇ ಅಲ್ಲ! ನ್ಯೂಯಾರ್ಕ್‌ನ ಲಿಬರ್ಟಿ ಪ್ರತಿಮೆ ಕೈಲಿದೆಯಲ್ಲ ಪಂಜು, ಅದರ ಜ್ವಾಲೆಯ ನಕಲು. 1989ರಲ್ಲೇ ನಿಲ್ಲಿಸಿದ್ದು. ಡಯಾನಾ ಸತ್ತ ಕಾರು ಅಪಘಾತ ಆಗಿದ್ದು 1997ರ ಆಗಸ್ಟ್ 31ಕ್ಕೆ. ಟನೆಲ್ ಇದರ ಕೆಳಗೇ ಹೋಗುತ್ತೆ ಅಂತ ಜನ ತಾವೇ ಸ್ಮಾರಕ ಮಾಡ್ಕೊಂಡ್ರು. ಕೊನೆಗೆ 2019ರಲ್ಲಿ ನಗರಾಡಳಿತವೂ ಈ ಚೌಕಕ್ಕೆ ಡಯಾನಾ ಹೆಸರೇ ಇಟ್ಟಿತು.

ಈಗ ಕೆಳಗೆ ನೋಡಿ. ರಸ್ತೆ ಎಡಕ್ಕೆ ಬಾಗ್ತಾ ಇಳಿಯೋದು ಕಾಣ್ತಿದೆಯಾ? ಇಲ್ಲಿ ಆಗ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್. ಡಯಾನಾ ಇದ್ದ ಮರ್ಸಿಡಿಸ್ ಎಸ್280 ಬಂದಿದ್ದು ನೂರರ ಆಸುಪಾಸಿನಲ್ಲಿ. ಒಂದು ಬಿಳಿ ಫಿಯಟ್ ಯೂನೋಗೆ ಸವರಿ, ಹತೋಟಿ ತಪ್ಪಿ, ನೇರ 13ನೇ ಕಂಬಕ್ಕೆ. ಕಂಬಗಳ ಮುಂದೆ ಗಾರ್ಡ್‌ರೈಲ್ ಇರಲಿಲ್ಲ. ಒಳಗಿದ್ದ ನಾಲ್ವರಲ್ಲಿ ಒಬ್ಬರೂ ಸೀಟ್ ಬೆಲ್ಟ್ ಹಾಕಿರಲಿಲ್ಲ. ಡ್ರೈವರ್ ಆನ್ರಿ ಪಾಲ್ ರಿಟ್ಜ್ ಹೋಟೆಲಿನ ಸೆಕ್ಯೂರಿಟಿಯವನು. ಡ್ಯೂಟಿ ಮುಗಿಸಿ ಹೋಗಿದ್ದವನನ್ನ ವಾಪಸ್ ಕರೆಸಿದ್ದು. ರಕ್ತದಲ್ಲಿ ಲೀಟರ್‌ಗೆ 1.74 ಗ್ರಾಂ ಆಲ್ಕೋಹಾಲ್. ಫ್ರಾನ್ಸಿನ ಮಿತಿ 0.5. ನನ್ನ ಪ್ರಕಾರ ಕತೆ ಇಲ್ಲಿಗೇ ಮುಗೀಬೇಕಿತ್ತು. ಮುಗೀಲಿಲ್ಲ, ಅದು ಅಪಘಾತ ಅಲ್ಲ, ಪಿತೂರಿ ಮಾಡಿ ಸಾಯಿಸಿದ್ದು ಅನ್ನೋ ಕತೆಗಳು ಹುಟ್ಟಿದವು.

ಎಲ್ಲರೂ ಹಿಡ್ಕೊಳ್ಳೋದು ಆಂಬುಲೆನ್ಸ್ ವಿಚಾರ. ನಂಗೆ ಸಿಟ್ಟು ಬರೋದೂ ಇದಕ್ಕೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಗುದ್ದಿದ್ದು ರಾತ್ರಿ 12:23ಕ್ಕೆ. ಡಯಾನಾಳನ್ನ ಕಾರಿಂದ ಹೊರಗೆ ತೆಗೆದಿದ್ದು ಒಂದು ಗಂಟೆಗೆ. ಆಂಬುಲೆನ್ಸ್ ಹೊರಟಿದ್ದು 1:41ಕ್ಕೆ, ಪಿಟಿಯೆ-ಸಾಲ್‌ಪೆಟ್ರಿಯೆರ್ ಆಸ್ಪತ್ರೆ ತಲುಪಿದ್ದು 2:06ಕ್ಕೆ. "ಆಸ್ಪತ್ರೆ ಅಷ್ಟು ಹತ್ತಿರ ಇಟ್ಕೊಂಡು ಇಷ್ಟು ಹೊತ್ತಾ? ಬೇಕು ಅಂತಲೇ ಸಾಯಿಸಿದ್ರು" ಅಂತ ವೀಡಿಯೋ ಮೇಲೆ ವೀಡಿಯೋ. ಸ್ವಾಮಿ, ಫ್ರಾನ್ಸಿನ ಪದ್ಧತಿಯೇ ಬೇರೆ. ಬ್ರಿಟನ್‌ನಲ್ಲಿ ಗಾಯಾಳುವನ್ನ ಎತ್ತಾಕ್ಕೊಂಡು ಆಸ್ಪತ್ರೆಗೆ ಓಡಿಸ್ತಾರೆ. ಇಲ್ಲಿ ಆಂಬುಲೆನ್ಸಿನ ಜೊತೆ ಡಾಕ್ಟರೇ ಬರ್ತಾರೆ, ರೋಗಿಯನ್ನ ಸ್ಥಳದಲ್ಲೇ ಒಂದು ಸ್ಥಿತಿಗೆ ತಂದು ಆಮೇಲೆ ಹೊರಡೋದು. ಕಾರಿಂದ ತೆಗೀತಿದ್ದಾಗಲೇ ಆಕೆಯ ಹೃದಯ ನಿಂತಿತ್ತು, ಎದೆ ಒತ್ತಿ ಮತ್ತೆ ಶುರು ಮಾಡಿಸಿದ್ರು. ನಿಧಾನ ಓಡಿಸು ಅಂತ ಹೇಳಿದ್ದೂ ಡಾಕ್ಟರೇ, ಕುಲುಕಾಟಕ್ಕೆ ಬಿಪಿ ಕುಸಿದೀತು ಅನ್ನೋ ಭಯಕ್ಕೆ. ಕುಸೀತು ಕೂಡ. ಆಸ್ಪತ್ರೆ ಇನ್ನೇನು ಬಂತು ಅನ್ನೋವಾಗ ಗಾಡಿ ನಿಲ್ಲಿಸಿ ಚಿಕಿತ್ಸೆ ಕೊಟ್ರು. ಶ್ವಾಸಕೋಶದಿಂದ ಹೃದಯಕ್ಕೆ ಬರೋ ರಕ್ತನಾಳವೇ ಹರಿದಿತ್ತು. ಹೊರಗಿಂದ ಕಾಣೋ ಗಾಯ ಅಲ್ಲ ಅದು, ಅದರಿಂದ ಬದುಕಿ ಬರೋರು ಬಹಳ ಅಪರೂಪ. ಪದ್ಧತಿ ಬಗ್ಗೆ ವಾದ ಮಾಡಿ, ಬೇಡ ಅನ್ನಲ್ಲ. ಅದನ್ನ ಕೊಲೆ ಅನ್ನಬೇಡಿ.

ಅಯ್ಯೋ, ಬಸ್ ಅಡ್ಡ ಬಂತು. ಅಷ್ಟರಲ್ಲಿ ಸೇತುವೆ ಪಕ್ಕದ ಆ ಸಿಪಾಯಿ ಪ್ರತಿಮೆ ನೋಡಿ, ಝುವಾವ್ ಅಂತಾರೆ. ಸೇನ್ ನದಿಗೆ ಪ್ರವಾಹ ಬಂದ್ರೆ ಪ್ಯಾರಿಸ್ ಜನ ಇವನ ಕಾಲು ನೋಡ್ತಾರೆ, ನೀರು ಎಲ್ಲಿವರೆಗೆ ಬಂತು ಅಂತ. 1910ರಲ್ಲಿ ಭುಜ ಮುಟ್ಟಿತ್ತು. ಸರಿ, ಬಸ್ ಹೋಯ್ತು.

ಕ್ಯಾಮೆರಾ ಆಫ್ ಮಾಡಿದ್ರು ಅನ್ನೋದು ಇನ್ನೊಂದು ಕತೆ. ದಾರಿಯಲ್ಲಿದ್ದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕಟ್ಟಡದವರದ್ದು, ಅವರವರ ಬಾಗಿಲು ನೋಡ್ಕೊಂಡಿರೋವು. ಟನೆಲ್ ಮೇಲಿದ್ದ ಒಂದೇ ಒಂದು ಟ್ರಾಫಿಕ್ ಕ್ಯಾಮೆರಾ ಲೈವ್ ನೋಡೋಕೆ ಇದ್ದದ್ದು, ರಾತ್ರಿ ರೆಕಾರ್ಡ್ ಆಗ್ತಿರಲಿಲ್ಲ. ಡಯಾನಾ ಗರ್ಭಿಣಿ ಆಗಿದ್ಲು ಅಂದ್ರು. ಕಾರಿನೊಳಗೆ ಬಿದ್ದಿದ್ದ ರಕ್ತ ಪರೀಕ್ಷೆ ಮಾಡಿದ್ರು, ಗರ್ಭದ ಹಾರ್ಮೋನ್ ಸಿಗಲಿಲ್ಲ. ಮುಂದಕ್ಕೆ.

ಆದ್ರೆ ಪೊಲೀಸರನ್ನ ಪೂರ್ತಿ ಬಿಟ್ಟುಬಿಡೋಕೂ ಮನಸ್ಸು ಬರಲ್ಲ. 1995ರ ಅಕ್ಟೋಬರ್‌ನಲ್ಲಿ ಡಯಾನಾ ತನ್ನ ವಕೀಲ ಲಾರ್ಡ್ ಮಿಷ್ಕಾನ್ ಹತ್ರ, ಕಾರು ಅಪಘಾತದ ನೆಪದಲ್ಲಿ ನನ್ನನ್ನ ಮುಗಿಸೋ ಪ್ರಯತ್ನ ಆಗಬಹುದು ಅಂದಿದ್ಲು. ಅವರು ಅದನ್ನ ಬರೆದಿಟ್ಟುಕೊಂಡ್ರು. ಆಕೆ ಸತ್ತ ಮುಂದಿನ ತಿಂಗಳೇ ಲಂಡನ್ ಪೊಲೀಸ್ ಕಮಿಷನರ್ ಕೈಗೆ ಕೊಟ್ಟರು. ಪೊಲೀಸರು ಏನ್ಮಾಡಿದ್ರು? ತಿಜೋರಿಯಲ್ಲಿಟ್ಟು ಬೀಗ ಹಾಕಿದ್ರು! ಸಾವಿನ ವಿಚಾರಣೆ ನಡೆಸೋ ಕರೋನರ್ ಕೈಗೆ ಅದು ಹೋಗಿದ್ದು 2003ರ ಕೊನೆಗೆ. ಆರು ವರ್ಷ. ಹೀಗಾದ ಮೇಲೆ ಜನ ನಂಬಲಿಲ್ಲ ಅಂತ ಜನರನ್ನ ಬೈದರೆ ಏನು ನ್ಯಾಯ?

ಇನ್ನೊಂದಿದೆ. ಆನ್ರಿ ಪಾಲ್ ರಕ್ತದ ಒಂದು ಸ್ಯಾಂಪಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ಶೇಕಡ 20.7. ಅಷ್ಟಿದ್ದವನು ತಲೆನೋವು ಅಂತ ಕೂತುಬಿಡಬೇಕಿತ್ತು. ಸ್ಯಾಂಪಲ್ಲೇ ಬದಲಾಗಿದೆ ಅನ್ನೋ ವಾದ ಹುಟ್ಟಿದ್ದು ಇಲ್ಲಿಂದ. ಡಿಎನ್‌ಎ ಪರೀಕ್ಷೆಯಲ್ಲಿ ರಕ್ತ ಅವನದ್ದೇ ಅಂತ ಬಂತು. ಆದ್ರೆ ಆ 20.7 ಯಾಕೆ ಅನ್ನೋದಕ್ಕೆ ತಜ್ಞರಿಗೂ ಸಮಾಧಾನದ ಉತ್ತರ ಸಿಗಲಿಲ್ಲ. ಕೊಲೆ ಅನ್ನೋರ ಕೈಲಿರೋ ಗಟ್ಟಿ ಪಾಯಿಂಟ್ ಇದೊಂದೇ, ಆದ್ರೆ ವಿಚಿತ್ರ ಏನಂದ್ರೆ ಫಾರ್ವರ್ಡ್ ಆಗೋದು ಗರ್ಭಿಣಿ ಕತೆ!

ಆಪರೇಷನ್ ಪ್ಯಾಜೆಟ್ ಅಂತ 832 ಪುಟದ ಪೊಲೀಸ್ ವರದಿ 2006ರ ಡಿಸೆಂಬರ್‌ನಲ್ಲಿ ಬಂತು, ಪಿತೂರಿ ಇಲ್ಲ ಅಂತ. 2008ರ ಏಪ್ರಿಲ್ 7ಕ್ಕೆ ಲಂಡನ್ ಜ್ಯೂರಿ 9-2ರಲ್ಲಿ ಕಾನೂನುಬಾಹಿರ ಸಾವು ಅಂದಿತು. ಆ ಪದ ಕೇಳಿ ಕೊಲೆ ಅಂದ್ಕೊಳ್ಳೋರಿದ್ದಾರೆ. ಅಲ್ಲ. ಆನ್ರಿ ಪಾಲ್ ಮತ್ತು ಹಿಂದೆ ಬಿದ್ದಿದ್ದ ವಾಹನಗಳವರ ತೀರಾ ಬೇಜವಾಬ್ದಾರಿ ಚಾಲನೆ ಅಂತ ಅರ್ಥ.

ಅರಮನೆಯವರಿಗೆ ಜನರ ನಾಡಿ ಗೊತ್ತಾಗೋದೇ ತಡ. 1997ರಲ್ಲಿ ಡಯಾನಾ ಸತ್ತಾಗ ರಾಣಿ ಎಲಿಜಬೆತ್ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ, ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಕಂಬದ ಮೇಲೆ ಬಾವುಟವೇ ಇಲ್ಲ. ರಾಜಧ್ವಜ ಹಾರೋದು ಅರಸರು ಒಳಗಿದ್ದಾಗ ಮಾತ್ರ, ಅದು ಅರ್ಧಕ್ಕೆ ಇಳಿಯೋದೂ ಇಲ್ಲ, ಅದು ನಿಯಮ. ಆದ್ರೆ ಜನಕ್ಕೆ ಕಂಡಿದ್ದು ಬರೀ ಖಾಲಿ ಕಂಬ. ಪತ್ರಿಕೆಗಳು ಕೂಗಾಡಿದವು. ಸೆಪ್ಟೆಂಬರ್ 5ಕ್ಕೆ ರಾಣಿ ಟಿವಿಗೆ ಬಂದ್ರು, 6ರ ಅಂತ್ಯಕ್ರಿಯೆ ದಿನ ದೇಶದ ಬಾವುಟವಾದ ಯೂನಿಯನ್ ಬಾವುಟ ಅರ್ಧಕ್ಕೆ ಹಾರಿತು. ಆವತ್ತಿಂದ ಅರಸರು ಇಲ್ಲದಾಗ ಅಲ್ಲಿ ಯೂನಿಯನ್ ಬಾವುಟ ಇರುತ್ತೆ.

ಪಾಠ ಕಲಿತ್ರಾ? 2024ರ ಮಾರ್ಚ್ 10ಕ್ಕೆ ಡಯಾನಾ ಸೊಸೆ ಕೇಟ್ ಮತ್ತು ಮಕ್ಕಳ ಫೋಟೋ ಬಿಟ್ಟರು. ಮಗಳು ಶಾರ್ಲೆಟ್ ಸ್ವೆಟರ್ ತೋಳಿನ ತುದಿ ಕಟ್ ಆಗಿದೆ, ಕೇಟ್ ಜಾಕೆಟ್ಟಿನ ಜಿಪ್ ಕೂಡಿಲ್ಲ. ಅದೇ ರಾತ್ರಿ ಎಪಿ, ರಾಯಿಟರ್ಸ್, ಎಎಫ್‌ಪಿ, ಗೆಟ್ಟಿ ಅನ್ನೋ ಸುದ್ದಿ-ಫೋಟೋ ಸಂಸ್ಥೆಯವರೆಲ್ಲ ಫೋಟೋ ವಾಪಸ್ ತಗೊಂಡ್ರು. ಎಡಿಟ್ ಮಾಡಿದ್ದು ನಾನೇ ಅಂತ ಮಾರನೇ ದಿನ ಕೇಟ್ ಒಪ್ಕೊಂಡ್ರು, ಮೂಲ ಫೋಟೋ ಮಾತ್ರ ಅರಮನೆ ಕೊಡಲಿಲ್ಲ. ಕೊಟ್ಟಿದ್ರೆ ಫೋಟೋ ಗಲಾಟೆ ಅವತ್ತೇ ತಣ್ಣಗಾಗ್ತಿತ್ತು. ಸತ್ತೇ ಹೋಗಿದ್ದಾಳೆ ಅನ್ನೋವರೆಗೂ ಜನ ಹೋದ್ರು. ಮಾರ್ಚ್ 22ಕ್ಕೆ ಕ್ಯಾನ್ಸರ್ ಅಂತ ಆಕೆಯೇ ವೀಡಿಯೋದಲ್ಲಿ ಹೇಳಿದ್ರು. ಅದನ್ನೂ ಎಐ ಅಂದವರಿದ್ರು, ಅವರನ್ನ ದೇವರೇ ಕಾಪಾಡಬೇಕು.

ಅರಸೊತ್ತಿಗೆ ಬೇಕಾ ಬೇಡವಾ ಅಂದ್ರೆ, ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಮುಂಚೆ 2023ರ ಏಪ್ರಿಲ್‌ನಲ್ಲಿ ಬಿಬಿಸಿ ಪನೋರಮಾಗೆ ಯೂಗವ್ ಮಾಡಿದ ಸಮೀಕ್ಷೆ ಪ್ರಕಾರ ಬೇಕು ಅಂದವರು ಶೇಕಡ 58, ಚುನಾಯಿತ ಮುಖ್ಯಸ್ಥರಿರಲಿ ಅಂದವರು 26. ಹದಿನೆಂಟರಿಂದ ಇಪ್ಪತ್ನಾಲ್ಕರ ವಯಸ್ಸಿನವರಲ್ಲಿ ಲೆಕ್ಕ ತಿರುಗುಮುರುಗು, 32ಕ್ಕೆ 38. ಅರಮನೆ ತಲೆಕೆಡಿಸಿಕೊಳ್ಳಬೇಕಾಗಿರೋದು ಈ ವಯಸ್ಸಿನವರ ಬಗ್ಗೆ.

ಇನ್ನೂ ಹೇಳೋದಿತ್ತು, ಬೆಳಕು ಹೋಗ್ತಿದೆ. ಸೇತುವೆ ಪಕ್ಕದಲ್ಲೇ ಬ್ಯಾಟೋ ಮೂಷ್ ದೋಣಿಕಟ್ಟೆ, ಮುಂದಿನ ಶಾಟ್ ನೀರಿನ ಮೇಲಿಂದ.